ಮುಚ್ಚಿದ ಬಾಗಿಲಾಚೆಯ ದನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಒಳಗೊಳಗೇ ನಗುತ್ತಿದ್ದವನು ನಾನು. ಇದನ್ನು ಓದಿ ನೀವೂ ನಕ್ಕರೆ ನನಗೇನೂ ಬೇಸರವಿಲ್ಲ.

ಮಹಾರಾಜರ ಆಳ್ವಿಕೆಯ ದಿನಗಳು. ಹುಣಸೂರಿನವನಾದ ನಾನು ಹನಗೋಡಿನಲ್ಲಿ ಗಾಡಿ ಚಕ್ರ ಮಾಡುವ ಕೆಲಸ ಮಾಡಿಕೊಂಡಿದ್ದೆ. ಐದು ಹೊತ್ತಿನ ನಮಾಜು ತಪ್ಪಿಸುತ್ತಿರಲಿಲ್ಲ. ಆದರೆ ನಾಲಗೆಯ ಮೇಲೆ ದೇವರ ಹೆಸರಿದ್ದರೆ ಮನಸ್ಸು ಉಳಿ, ಬಾಚಿಗಳ ನಡುವೆ ಓಡಾಡುತ್ತಿತ್ತು. ಅದು ತಪ್ಪೆಂದು ಅನ್ನಿಸಿಯೂ ಇರಲಿಲ್ಲ.

ಹೆಂಡತಿಗೆ ಚೊಚ್ಚಲ ಹೆರಿಗೆ. ಹಿಂದಿನ ಸಂಜೆ ಶುರುವಾದ ನೋವು ಮರುದಿನ ಮಧ್ಯಾಹ್ನವಾದರೂ ಮುಗಿದಿರಲಿಲ್ಲ. ಲಕ್ಷ್ಮಣತೀರ್ಥ ತುಂಬಿ ಹರಿಯುತ್ತಿತ್ತು, ಹುಣಸೂರಿನ ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಕಾಡಂಚಿನ ಹಾಡಿಯಿಂದ ಸೂಲಗಿತ್ತಿ ಕೆಂಪಮ್ಮನನ್ನು ಕರೆಸಿದ್ದೆವು. ಅವಳೂ ನನ್ನ ಹೆಂಡತಿಯ ಅಕ್ಕನೂ ಒಳಗಿದ್ದರು. ಮುಚ್ಚಿದ ಬಾಗಿಲ ಹೊರಗೆ ತಸಬಿ ಮಣಿ ಎಣಿಸುತ್ತಾ ನಾನೊಬ್ಬನೇ ಕೂತಿದ್ದೆ.

ಹೆಂಡತಿಯ ನರಳಾಟ ಬರಬರುತ್ತಾ ಸಣ್ಣದಾಯಿತು. ನನ್ನ ಬೆರಳು ಮಣಿ ಸರಿಸುತ್ತಲೇ ಇತ್ತು, ಮನಸ್ಸು ಮಾತ್ರ ಅಂಗಳದಲ್ಲಿ ಬಿಟ್ಟಿದ್ದ ಜಾಲಿ ದಿಮ್ಮಿಯ ಹತ್ತಿರ ಹೋಗಿತ್ತು. ಮಳೆ ಬಿಟ್ಟು ಬಂದ ಬಿಸಿಲಿಗೆ ಸೀಳುಬಿಟ್ಟರೆ ಗತಿಯೇನು ಎಂದುಕೊಳ್ಳುತ್ತಿದ್ದೆ. ಆಗ ಒಳಗಿನಿಂದ ಕೆಂಪಮ್ಮನ ದನಿ ಬಂತು.

"ಸಾಬ್ರೇ, ಆ ದಿಮ್ಮಿ ಅಂಗೇ ಬಿದ್ದಿರ್ಲಿ ಬುಡಿ. ಮನಸ್ನ ಇತ್ಲಾಗೆ ತನ್ನಿ."

ದಿಮ್ಮಿಯ ಮಾತನ್ನು ನಾನು ಬಾಯಿಬಿಟ್ಟು ಆಡಿರಲೇ ಇಲ್ಲ. ಮಣಿಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದೆ. ಅಷ್ಟರಲ್ಲಿ ಒಳಗೆ ನರಳಾಟ ಪೂರ್ತಿ ನಿಂತಿತು. ಹೇಳಲು ನಾಚಿಕೆಯಾಗುತ್ತದೆ, ಅವಳನ್ನು ಎಲ್ಲಿ ಮಣ್ಣು ಮಾಡಬೇಕೆಂಬ ಯೋಚನೆ ಆಗ ನನ್ನ ತಲೆಯಲ್ಲಿ ಸುಳಿಯಿತು.

"ಗೋರಿ ತೋಡಾಕೆ ಯಾಕೆ ಒಂಟ್ರಿ? ಅವ್ಳಿನ್ನೂ ಬದುಕವ್ಳೆ ಕಣ್ರೀ," ಎಂದಿತು ಅದೇ ದನಿ.

ತಸಬಿ ಕೈಯಿಂದ ಜಾರಿತು. ಕಲಿತ ಪ್ರಾರ್ಥನೆಯ ಒಂದು ಮಾತೂ ನೆನಪಿಗೆ ಬರಲಿಲ್ಲ. ನೆಲಕ್ಕೆ ಹಣೆ ಹಚ್ಚಿ 'ಅವಳನ್ನು ಉಳಿಸು' ಎಂದಷ್ಟೇ ಬೇಡಿದೆ. ಬೇರೆ ಏನೂ ನನ್ನೊಳಗೆ ಇರಲಿಲ್ಲ, ನಾನೂ ಇರಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಮಗುವಿನ ಅಳು ಕೇಳಿ ತಲೆಯೆತ್ತಿದೆ.

ಬಾಗಿಲು ತೆರೆದಾಗ ಕೆಂಪಮ್ಮನ ಕಾಲಿಗೆ ಬಿದ್ದು, ನನ್ನ ಮನಸ್ಸಿನಲ್ಲಿದ್ದುದು ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳಿದೆ. ಅವಳು ಗಾಬರಿಯಿಂದ ಹಿಂದೆ ಸರಿದಳು.

"ನಾನೆಲ್ಲಿ ಮಾತಾಡ್ದೆ? ನಂಗೆ ಉಸ್ರಾಡಾಕೂ ಪುರ್ಸೊತ್ತಿರ್ನಿಲ್ಲ."

ಅವಳು ಬಾಯಿ ಬಿಡಲೇ ಇಲ್ಲವೆಂದು ಹೆಂಡತಿಯ ಅಕ್ಕನೂ ಆಣೆ ಮಾಡಿ ಹೇಳಿದಳು.

ಹೆಂಡತಿ ಉಳಿದಳು. ಅಂದು ಹುಟ್ಟಿದ ಮಗಳಿಗೆ ಈಗ ಮಕ್ಕಳಾಗಿದ್ದಾರೆ. ಆ ದನಿ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮಾಜಿಗೆ ನಿಂತಾಗ ಮನಸ್ಸು ಈಗಲೂ ಎಲ್ಲೆಲ್ಲೋ ಹೋಗುತ್ತದೆ. ಯಾರೂ ಹಿಂದಕ್ಕೆ ಕರೆಯುವುದಿಲ್ಲ. ಆ ದನಿಗಿಂತ, ಹಾಗೆ ಯಾರೂ ಕರೆಯದಿರುವುದೇ ನನಗೀಗ ಹೆಚ್ಚು ಭಯ ಹುಟ್ಟಿಸುತ್ತದೆ.