ಕುದುರೆ ಏರಿದ ನಾಯಿ

ಎಪ್ಪತ್ತರ ದಶಕದ ಕೊನೆಗೆ ನಾನು ಹುನಗುಂದದ ದನದ ದವಾಖಾನೆಗೆ ಡಾಕ್ಟರಾಗಿ ಬಂದೆ. ಎತ್ತಿನ ಹೊಟ್ಟೆಯುಬ್ಬರ, ಎಮ್ಮೆಯ ಹೆರಿಗೆ, ಇವುಗಳಲ್ಲಿ ಕೈ ಪಳಗಿತ್ತು. ನಾಯಿಯ ಮೊಣಕಾಲನ್ನು ಮಾತ್ರ ಪುಸ್ತಕದಲ್ಲಷ್ಟೇ ಬಿಚ್ಚಿ ನೋಡಿದ್ದೆ.

ಒಂದು ಬೆಳಿಗ್ಗೆ ಐಹೊಳೆ ಕಡೆಯ ಕುರಿಗಾರನೊಬ್ಬ ಏಳು ತಿಂಗಳ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ. ಅದರ ಹಿಂಗಾಲು ಕುಂಟುತ್ತಿತ್ತು. ಸಾಲದ್ದಕ್ಕೆ ಯಾರದೋ ಮಾತು ಕೇಳಿ ಮೊಣಕಾಲಿಗೆ ಬರೆ ಬೇರೆ ಹಾಕಿದ್ದ. ನನಗೆ ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದಂತೆ ಬೈದೆ.

"ಬೈಯೂದು ಮುಗೀತಂದ್ರ ಕಾಲು ನೋಡ್ರಿ ಸಾಹೇಬ್ರ. ಕುರಿ ಹಿಂದ ನಡೀಲಾರದ ನಾಯೀನ ಊರಾಗ ಬಿಟ್ಟು ಹೋಗಬೇಕಾಗ್ತೇತಿ. ಇದನ್ನ ಬಿಡಾಕ ನನಗ ಮನಸಿಲ್ಲ" ಎಂದ.

ಬಾಗಲಕೋಟೆಯಲ್ಲಿ ಮನುಷ್ಯರ ಡಾಕ್ಟರಾಗಿದ್ದ ಗೆಳೆಯನೊಬ್ಬ ಹಿಂಬಾಗಿಲಿನಿಂದ ನಾಯಿಯನ್ನು ಒಳಗೆ ಬಿಟ್ಟುಕೊಂಡು ಎಕ್ಸ್‌ರೇ ತೆಗೆಸಿಕೊಟ್ಟ. ಬೇಗ ಬೇಗ ಬೆಳೆಯುವ ಮರಿಗಳಿಗೆ ಬರುವ ರೋಗ ಅದು. ಎಲುಬಿನ ತುದಿಯ ಮೃದ್ವಸ್ಥಿ ಹಳೆಯ ಗೋಡೆಯ ಗಿಲಾವಿನಂತೆ ಹಕ್ಕಳೆ ಎದ್ದಿತ್ತು.

ಎರಡು ದಿನ ಪುಸ್ತಕ ತಿರುವಿ ಮೂರನೆಯ ದಿನ ಕೊಯ್ದೆ. ಕೀಲು ಬಿಚ್ಚಿ, ಕಡಲೆಬೇಳೆಯಷ್ಟಿದ್ದ ಚೂರನ್ನು ತೆಗೆದು, ಅದರಡಿಯ ಎಲುಬನ್ನು ರಕ್ತ ಜಿನುಗುವವರೆಗೆ ಕೆರೆದು ಹೊಲಿದೆ. ಕಂಪೌಂಡರ್ ನಾಯಿಗಿಂತ ಹೆಚ್ಚಾಗಿ ನನ್ನ ಮುಖವನ್ನೇ ನೋಡುತ್ತಿದ್ದ.

"ಒಂದೂವರಿ ತಿಂಗಳು ಇದರ ಕಾಲು ನೆಲಕ್ಕ ತಾಗಬಾರದು ನೋಡಪಾ. ಒಂದಕ್ಕ, ಎರಡಕ್ಕ ಅಷ್ಟ ಇಳಿಸು" ಎಂದು ತಾಕೀತು ಮಾಡಿದೆ. ದಿನಕ್ಕೊಂದು ಹೊಲದಲ್ಲಿ ಬೀಡು ಬಿಡುವವನಿಗೆ ಹೇಳುವ ಮಾತೇ ಅದು! ಅವನು ನಾಯಿಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೋದ.

ಒಂದೂವರೆ ತಿಂಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಕುದುರೆ ಹಿಡಿದುಕೊಂಡು ಬಂದರು. ನಡೆಯಲಾರದ ಎಳೆಯ ಕುರಿಮರಿಗಳನ್ನು ಇವರು ಕುದುರೆಯ ಹೇರಿನ ಮೇಲೆ ಸಾಗಿಸುತ್ತಾರೆ. ಆ ಮರಿಗಳ ನಡುವೆ ನಮ್ಮ ರೋಗಿ ಗೌಡರ ಗತ್ತಿನಲ್ಲಿ ಕೂತಿತ್ತು. ಇಳಿಸಿದರೆ ಕೂತಲ್ಲಿಂದ ಏಳಲೊಲ್ಲದು.

"ಮೂರು ದಿನ ಆತ್ರಿ, ಹಿಂಗ ಮಾಡಾಕತ್ತೇತಿ. ಹೆಜ್ಜಿ ಕಿತ್ತಿಡವಲ್ದು" ಎಂದ ಕುರಿಗಾರ.

ಮೊಣಕಾಲು ಮಡಚಿ ನೋಡಿದೆ, ಬಾವಿಲ್ಲ, ನೋವಿಲ್ಲ. ಆದರೂ ಅದು ಏಳಲಿಲ್ಲ. ನನ್ನ ಕೈಯಿಂದಲೇ ಕೆಟ್ಟಿತು ಎಂದು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಿಸಿಲೇರಿತೆಂದು ಗೊಣಗುತ್ತ ಹೆಂಡತಿ ಕುದುರೆಯನ್ನು ದವಾಖಾನೆಯ ಅಂಗಳದಿಂದ ಹೊರಗೆ ನಡೆಸಿದಳು.

ನಾಯಿ ಕಿವಿ ನಿಮಿರಿಸಿತು. ಮರುಕ್ಷಣ ನಾಲ್ಕೂ ಕಾಲೂರಿ ಓಡಿತು. ಕುದುರೆಯ ಪಕ್ಕೆಗೆ ಮುಂಗಾಲು ಹಚ್ಚಿ, ನಾನು ಕೊಯ್ದ ಕಾಲಿನ ಮೇಲೆಯೇ ಭಾರ ಬಿಟ್ಟು ನಿಂತು, ಎತ್ತಿಕೊಳ್ಳಿರೆಂದು ಕುಂಯ್‌ಗುಟ್ಟತೊಡಗಿತು. ನನಗೆ ನಗುವಿನ ಜೊತೆಗೆ ಕಣ್ಣೂ ತುಂಬಿ ಬಂದವು.

ಹೆಂಡತಿ ಅದನ್ನು ಕೆಳಗೆ ಸರಿಸಿ, "ನಡಿ, ನಡಿ. ನಾನೂ ನಡಕೊಂತನ ಬಂದೇನಿ" ಎಂದಳು.