ಆರ್ಮೆಲ್ಲೊ ತಿರುವಿನಲ್ಲಿ ನಿಲ್ಲದ ಸವಾರ

ದೀಪಸ್ತಂಭದ ದೀಪ ಇನ್ನೂ ಆರಿಲ್ಲ. ಕೆಳಗೆ ಸಮುದ್ರ ಇದೆಯೆಂದು ಸದ್ದಿನಿಂದ ಗೊತ್ತಾಗಬೇಕು, ಅಷ್ಟು ಕತ್ತಲು. ಭೂಶಿರದ ಏರಿನಲ್ಲಿ ಲೋರಿಸ್ ಗಿರಾರ್ದೊ ಸೈಕಲ್ ತುಳಿಯುತ್ತಿದ್ದಾನೆ. ಅವನ ಹಿಂದೆ ನಾನು, ನನ್ನ ಹಳೆಯ ಸ್ಕೂಟರಿನಲ್ಲಿ. ಸ್ಕೂಟರೂ ಕೆಮ್ಮುತ್ತಿದೆ, ನಾನೂ ಕೆಮ್ಮುತ್ತಿದ್ದೇನೆ. ಫೆಬ್ರವರಿಯ ಚಳಿ, ಸಮುದ್ರದ ಗಾಳಿ ಬೇರೆ. ಲೋರಿಸ್ ಮಾತ್ರ ಮನೆಯ ಮೆಟ್ಟಿಲು ಹತ್ತುವವನ ಹಾಗೆ ಒಂದೇ ಸಮನೆ ಹತ್ತುತ್ತಾನೆ. ನನ್ನ ಬೀದಿಯವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಬಹುವಚನ ಹಚ್ಚಿದರೆ ಅವನೇ ನಗುತ್ತಾನೆ.

ಏರು ಮುಗಿದು, ಇಳಿದು, ಆಲಿವ್ ತೋಟಗಳ ಪಕ್ಕದಲ್ಲಿ ಸ್ವಲ್ಪ ದೂರ ಹೋದರೆ ಆರ್ಮೆಲ್ಲೊ. ಅವನು ಹುಟ್ಟಿದ ಊರು. ಕರಾವಳಿಯ ರಸ್ತೆ ನೇರ ಊರೊಳಗೇ ಹೋಗುತ್ತದೆ. ಆದರೆ ಊರಿನ ಮೊದಲ ಮನೆ ಕಾಣುವ ಹೊತ್ತಿಗೆ ಲೋರಿಸ್ ಬಲಕ್ಕೆ ಹೊರಳಿ ಗುಡ್ಡದ ಕಡಿದಾದ ದಾರಿ ಹಿಡಿಯುತ್ತಾನೆ. ನನ್ನ ಸ್ಕೂಟರ್ ಅಲ್ಲೇ ಉಸಿರು ಬಿಡುತ್ತದೆ.

"ಈ ಕಡೆ ಯಾಕೋ? ನೇರ ಹೋಗಬಹುದಲ್ಲ?" ಎಂದು ಕೂಗುತ್ತೇನೆ.

"ಈ ಏರು ಕಾಲಿಗೆ ಒಳ್ಳೇದು ಮಾಮ!"

ಸುಳ್ಳು. ಆರು ವರ್ಷದಿಂದ ಹೇಳುತ್ತಿರುವ ಸುಳ್ಳು, ಹಾಗಾಗಿ ಅವನ ಬಾಯಿಗೆ ಸಲೀಸಾಗಿ ಬರುತ್ತದೆ.

ಲೋರಿಸನ ಕೆಲಸಕ್ಕೆ ನಮ್ಮಲ್ಲಿ ಗ್ರೆಗಾರಿಯೊ ಅನ್ನುತ್ತಾರೆ. ರೇಸಿನಲ್ಲಿ ಓಡುತ್ತಾನೆ, ಗೆಲ್ಲಲಿಕ್ಕಲ್ಲ. ಗೆಲ್ಲಬೇಕಾದವನು ತಂಡದ ನಾಯಕ. ಇವನು ಹಿಂದೆ ಬರುವ ತಂಡದ ಕಾರಿನ ತನಕ ಇಳಿದು ಹೋಗಿ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು, ಗರ್ಭಿಣಿಯ ಹಾಗೆ ಉಬ್ಬಿಕೊಂಡು, ಮತ್ತೆ ಮುಂದಕ್ಕೆ ತುಳಿದು ಬಂದು ಎಲ್ಲರಿಗೂ ಹಂಚುತ್ತಾನೆ. ಎದುರು ಗಾಳಿ ಬೀಸಿದರೆ ನಾಯಕನ ಮುಂದೆ ಗೋಡೆಯಾಗುತ್ತಾನೆ. ನಾಯಕನ ಟೈರು ಹೋದರೆ ತನ್ನ ಚಕ್ರ ಬಿಚ್ಚಿಕೊಟ್ಟು ರಸ್ತೆಯ ಬದಿಯಲ್ಲಿ ನಿಲ್ಲುತ್ತಾನೆ. ಹದಿನಾಲ್ಕು ವರ್ಷ ಇದೇ ಚಾಕರಿ, ಒಂದು ರೇಸೂ ಗೆದ್ದಿಲ್ಲ. ಗೆದ್ದವರ ಫೋಟೊಗಳ ಅಂಚಿನಲ್ಲಿ ಹುಡುಕಿದರೆ ಎಲ್ಲೋ ಅವನ ಅರ್ಧ ಭುಜ ಸಿಗುತ್ತದೆ.

"ಟಿವಿಯವರು ತೋರಿಸೋಕೆ ಶುರು ಮಾಡೋ ಹೊತ್ತಿಗೆ ನನ್ನ ಕೆಲ್ಸ ಮುಗ್ದಿರುತ್ತೆ," ಅನ್ನುತ್ತಾನೆ. "ಒಳ್ಳೇದೇ ಆಯ್ತು ಬಿಡಿ. ಆ ಹೊತ್ತಲ್ಲಿ ನನ್ನ ಮುಖ ನೋಡೋ ಹಾಗಿರಲ್ಲ."

ಅವನ ಮನೆಗೆ ಹೋಗಿದ್ದೇನೆ. ಎರಡು ಕೋಣೆ, ಒಂದರಲ್ಲಿ ಸೈಕಲ್ಲುಗಳು. ಊಟದ ಮೇಜಿಗೆ ಒಂದೇ ಕುರ್ಚಿ. ನಾನು ಬಂದೆನೆಂದು ಕುರ್ಚಿ ನನಗೆ ಕೊಟ್ಟು ಅವನು ಕಿಟಕಿಯ ಕಟ್ಟೆಯ ಮೇಲೆ ಕೂತ. ಅನ್ನಕ್ಕೆ ಆಲಿವ್ ಎಣ್ಣೆ, ಮೇಲೆ ಒಂದಿಷ್ಟು ಚೀಸು. ಮದುವೆಯಾಗಬೇಕೆಂದಿದ್ದ ಹುಡುಗಿಯೊಬ್ಬಳಿದ್ದಳು. ವರ್ಷದ ಅರ್ಧದಷ್ಟು ದಿನ ಹೋಟೆಲ್ ಕೋಣೆಯಲ್ಲಿ ಮಲಗುವ ಗಂಡಸಿಗೆ ಕಾದು ಕಾದು ಅವಳಿಗೂ ಸಾಕಾಯಿತು. ಆಮೇಲೆ ಅವನು ಯಾರನ್ನೂ ಕಾಯಿಸಿಲ್ಲ. ತುಳಿಯುವಾಗ ಒಂಟಿ, ಮನೆಯಲ್ಲೂ ಒಂಟಿ, ಗುಂಪಿನ ನಡುವೆಯಂತೂ ಇನ್ನೂ ಒಂಟಿ. ನನಗೆ ಅವನನ್ನು ಕಂಡರೆ ಪಾಪ ಅನ್ನಿಸುತ್ತದೆ. ಹಾಗೆಂದರೆ ಅವನು ಸಿಡುಕುತ್ತಾನೆ.

ಆರ್ಮೆಲ್ಲೊವಿನಲ್ಲಿ ಅವನಿಗೆ ಒಬ್ಬಳೇ ಒಬ್ಬಳು ಅಕ್ಕ ಇದ್ದಾಳೆ, ಓರ್ನೆಲ್ಲಾ. ತಾಯಿ ಹೋದಾಗ ಅವನಿನ್ನೂ ಶಾಲೆಗೆ ಹೋಗುವ ಹುಡುಗ. ಹೂವಿನ ತೋಟಗಳಲ್ಲಿ ಕೂಲಿ ಮಾಡಿ ಅವನನ್ನು ಸಾಕಿದವಳು ಅವಳು, ಮೊದಲ ರೇಸಿನ ಸೈಕಲ್ ಕೊಡಿಸಿದವಳೂ ಅವಳು. ಈಗ ಊರ ತಿರುವಿನಲ್ಲಿ, ಏರು ಶುರುವಾಗುವ ಜಾಗದಲ್ಲಿ, ಕಾಫಿ ಮತ್ತು ಫೊಕಾಚ್ಚ ರೊಟ್ಟಿಯ ಅಂಗಡಿ ಇಟ್ಟಿದ್ದಾಳೆ. ಅಕ್ಕ ತಮ್ಮನಿಗೆ ಮಾತು ಬಿಟ್ಟು ಆರು ವರ್ಷವಾಯಿತು. ಕಾರಣ ಇಡೀ ಕರಾವಳಿಗೆ ಗೊತ್ತು.

ರೇಸಿನವರಲ್ಲಿ ಒಂದು ಕಟ್ಟಲೆ ಉಂಟು. ಸವಾರನ ಸ್ವಂತ ಊರಿನ ಮೇಲೆ ರೇಸು ಹಾದುಹೋಗುವಾಗ ಅವನು ಗುಂಪಿನ ಹಿರಿಯನ ಹತ್ತಿರ ಅಪ್ಪಣೆ ಕೇಳಬಹುದು. ಕೇಳಿದರೆ ಗುಂಪು ಒಂದಿಷ್ಟು ನಿಧಾನಿಸುತ್ತದೆ. ಅವನು ಮುಂದೆ ಹೋಗಿ, ಸೈಕಲ್ಲಿಂದ ಇಳಿದು, ಮನೆಯವರನ್ನು ತಬ್ಬಿ, ಒಂದು ಗುಟುಕು ಏನಾದರೂ ಕುಡಿದು, ಗುಂಪು ಬಂದಾಗ ಮತ್ತೆ ಸೇರಿಕೊಳ್ಳುತ್ತಾನೆ. ಅಷ್ಟು ಹೊತ್ತು ಯಾರೂ ಮೋಸ ಮಾಡಿ ಮುನ್ನುಗ್ಗುವುದಿಲ್ಲ.

ಆರು ವರ್ಷದ ಹಿಂದೆ ಲೋರಿಸ್ ಮೊದಲ ಸಲ ಅಪ್ಪಣೆ ಕೇಳಿದ. ಅಕ್ಕ ಬಿಸಿ ಫೊಕಾಚ್ಚ ಬಾಯಿಗಿಟ್ಟಳು, ಮುಖ ಒರೆಸಿದಳು, ಊರಿನ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಗುಂಪು ಬಂತು, ಇವನು ನುಗ್ಗಿ ಸೇರಿಕೊಂಡ. ನಾಯಕ ಮಾನ್ಲಿಯೊ ಗುಂಪಿನಲ್ಲಿ ಇರಲೇ ಇಲ್ಲ! ಊರಿಗೆ ಮುಂಚಿನ ಇಳಿಜಾರಿನಲ್ಲಿ ಅವನ ಟೈರು ಸಿಡಿದು, ಕೈ ಎತ್ತಿಕೊಂಡು ನಿಂತಿದ್ದ. ತಂಡದ ಕಾರು ಎಲ್ಲೋ ಹಿಂದೆ ಸಿಕ್ಕಿಕೊಂಡಿತ್ತು. ಚಕ್ರ ಕೊಡಬೇಕಾದ ಆಳು ರೊಟ್ಟಿ ಅಗಿಯುತ್ತಾ ಮುಂದೆ ಹೋಗಿದ್ದ. ಆ ವರ್ಷದ ರೇಸು ಗೆಲ್ಲಲೇಬೇಕಾಗಿದ್ದ ಮಾನ್ಲಿಯೊ ಅಲ್ಲೇ ಸೋತ.

"ಬೈದಿದ್ರೆ ಚೆನ್ನಾಗಿತ್ತು," ಅನ್ನುತ್ತಾನೆ ಲೋರಿಸ್. "ರಾತ್ರಿ ಊಟಕ್ಕೆ ಕೂತಾಗ ಉಪ್ಪು ಕೊಡು ಅಂದ, ಅಷ್ಟೇ. ಅವತ್ತು ನನ್ನ ಹತ್ರ ಆಡಿದ್ದು ಅದೊಂದೇ ಮಾತು."

ನಮ್ಮ ಜನಕ್ಕೆ ಇಷ್ಟು ಸಾಕು. ಮರುದಿನದಿಂದ ಅವನ ಹೆಸರು ಫೊಕಾಚ್ಚ. ಅವಮಾನ ತಡೆಯಲಾರದೆ ಅವನು ಅಕ್ಕನಿಗೆ ಫೋನು ಮಾಡಿದ: "ನೀನು ಹಿಡ್ಕೊಂಡಿದ್ದಕ್ಕೆ ಹಿಂಗಾಯ್ತು. ನಿನ್ನಿಂದ ನನ್ನ ಮಾನ ಹೋಯ್ತು." ಆ ಕಡೆಯಿಂದ ಫೋನು ಇಟ್ಟ ಸದ್ದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?

ಓರ್ನೆಲ್ಲಾ ಮಾತಿನ ಮಲ್ಲಿ, ಆದರೆ ಈ ವಿಷಯ ತೆಗೆದರೆ ಕಪ್ಪು ತೊಳೆಯಲು ತಿರುಗುತ್ತಾಳೆ. "ನಾನೇನು ಹಗ್ಗ ಹಾಕಿ ಕಟ್ಟಿದ್ನಾ ಅವನ್ನ?" ಎಂದಳು. ಎರಡು ಕಪ್ಪು ತೊಳೆದ ಮೇಲೆ ತಾನೇ ಮುಂದುವರಿಸಿದಳು: "ಪ್ರತಿ ವರ್ಷ ಬಾಗಿಲಲ್ಲಿ ನಿಲ್ತೀನಿ. ಅವನು ಗುಂಪಿನ ನಡುವೆ ತಲೆ ತಗ್ಗಿಸ್ಕೊಂಡು ಹೋಗ್ತಾನೆ. ಬೆನ್ನ ಮೇಲಿನ ನಂಬರು ನೋಡಿ ಇವನೇ ಅಂದ್ಕೋಬೇಕು. ನಾನು ತಲೆ ಬಾಚಿ ಕಳಿಸ್ತಿದ್ದ ಹುಡುಗ ಕಣ್ರೀ ಅವನು."

ಮೂವತ್ತೇಳಕ್ಕೆ ಬಿದ್ದ ಲೋರಿಸನಿಗೆ ಇದು ಕೊನೆಯ ವರ್ಷವೆಂದು ತಂಡದವರು ಹೇಳಿಬಿಟ್ಟಿದ್ದಾರೆ. ಮಾನ್ಲಿಯೊ ಎಂದೋ ಬಿಟ್ಟು ಹೋದ. ಈಗಿನ ನಾಯಕ ಎಳೆಯ, ಹಳೆಯ ಕಥೆ ಕೇಳಿ ನಕ್ಕನಂತೆ. ಈ ಸಲ ತಪ್ಪಿದರೆ ಲೋರಿಸ್ ಮತ್ತೆ ರೇಸಿನಲ್ಲಿ ಆರ್ಮೆಲ್ಲೊ ಹಾಯುವುದಿಲ್ಲ.

"ಅಪ್ಪಣೆ ಕೇಳ್ತೀಯಾ?" ಎಂದೆ.

ಅವನು ಸೈಕಲ್ಲಿನ ಸರಪಳಿ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಕೇಳಿದ್ರೆ ಕೊಡ್ತಾರೆ ಮಾಮ. ಅವಳು ಹೊರಗೆ ಬರ್ದೇ ಇದ್ರೆ? ಇಡೀ ಗುಂಪು ನೋಡ್ತಿರುತ್ತೆ, ಊರು ನೋಡ್ತಿರುತ್ತೆ. ಖಾಲಿ ಬಾಗಿಲ ಮುಂದೆ ನಾನೊಬ್ನೇ ನಿಂತಿರ್ತೀನಿ."

"ನೀನೇ ಒಂದು ಫೋನು ಮಾಡೋ, ಪುಣ್ಯಾತ್ಮ!"

"ಫೋನಲ್ಲೇ ಅಲ್ವಾ ಹಾಳಾಗಿದ್ದು," ಎಂದು ಚಕ್ರ ತಿರುಗಿಸಿ ನೋಡಿದ.

ರೇಸಿನ ದಿನ ನಾನು ಓರ್ನೆಲ್ಲಾಳ ಅಂಗಡಿಯಲ್ಲಿದ್ದೇನೆ. ಮಿಮೋಸ ಮರಗಳೆಲ್ಲ ಹಳದಿ ಹೂ ಹೊತ್ತು ನಿಂತಿವೆ. ರಸ್ತೆಯ ಎರಡೂ ಬದಿ ಜನ. ಕ್ಷೌರದ ಬಾಚಿಚ್ಚ ಬೆಳಿಗ್ಗೆಯಿಂದ ಒಂದೇ ಲೋಟ ವೈನು ಹಿಡಿದು ಕೂತಿದ್ದಾನೆ, ನಾಲಿಗೆ ಮಾತ್ರ ಬಿಡುವಿಲ್ಲ.

"ಓರ್ನೆಲ್ಲಾ, ರೊಟ್ಟಿ ಒಳಗಿಡಮ್ಮ! ನಿನ್ನ ತಮ್ಮ ಬರೋ ಹೊತ್ತಾಯ್ತು!"

ಎಲ್ಲರೂ ನಗುತ್ತಾರೆ. ಅವಳು ನಗುವುದಿಲ್ಲ. ಏಪ್ರನ್ನಿನ ಜೇಬಿಗೆ ಕಾಗದದಲ್ಲಿ ಸುತ್ತಿದ ಏನನ್ನೋ ತುರುಕಿ ಅಡುಗೆಮನೆಗೆ ಹೋಗಿಬಿಡುತ್ತಾಳೆ.

ಮೊದಲು ಪೊಲೀಸರ ಮೋಟಾರ್ ಸೈಕಲ್ಲುಗಳು. ಆಮೇಲೆ ಖಾಲಿ ರಸ್ತೆ. ಆಮೇಲೆ ಒಬ್ಬನೇ ಒಬ್ಬ ಸವಾರ, ಹಿಂದೆ ದೂರದಲ್ಲಿ ಗುಂಪು. ಗುಂಪು ಬಿಟ್ಟು ಮುನ್ನುಗ್ಗುವವನ ಅವಸರ ಅವನಲ್ಲಿಲ್ಲ, ಅಪ್ಪಣೆ ಕೇಳಿಯೇ ಬಂದಿದ್ದಾನೆ. ಯಾರೋ "ಫೊಕಾಚ್ಚ!" ಎಂದು ಕೂಗುತ್ತಾರೆ. ಲೋರಿಸ್ ತಲೆ ಎತ್ತಿದ್ದಾನೆ. ಬಾಗಿಲ ಕಡೆ ನೋಡುತ್ತಾನೆ. ಬಾಗಿಲಲ್ಲಿ ಯಾರೂ ಇಲ್ಲ. ಸೈಕಲ್ ನಿಧಾನವಾಗುತ್ತದೆ, ಒಂದು ಕಾಲು ಪೆಡಲಿನಿಂದ ಬಿಡಿಸಿಕೊಳ್ಳುತ್ತದೆ. ಬಾಚಿಚ್ಚ ಲೋಟ ಕೆಳಗಿಡುತ್ತಾನೆ. ಆ ಹೊತ್ತು ಎಷ್ಟು ಉದ್ದವಿತ್ತೆಂದು ನಾನು ಹೇಳಲಾರೆ. ನನಗಂತೂ ಓಡಿಹೋಗಿ ನಾನೇ ಅವನನ್ನು ತಬ್ಬಿಬಿಡೋಣ ಅನ್ನಿಸುತ್ತದೆ.

"ಇಳೀಬೇಡ! ಕಾಲು ಕೆಳಗಿಡಬೇಡ ಕಣೋ!"

ಒದ್ದೆ ಕೈಯಲ್ಲೇ ಓಡಿ ಬರುತ್ತಾಳೆ ಓರ್ನೆಲ್ಲಾ. ಕುರ್ಚಿಯೊಂದು ಉರುಳುತ್ತದೆ. ತಬ್ಬುವುದಿಲ್ಲ, ನಿಲ್ಲಿಸುವುದಿಲ್ಲ. ತಮ್ಮನ ಬೆನ್ನಿಗೆ ಅಂಗೈ ಕೊಟ್ಟು ಏರಿನಲ್ಲಿ ತಳ್ಳುತ್ತಾ ಓಡುತ್ತಾಳೆ, ಐವತ್ತರ ಹತ್ತಿರದ ಹೆಂಗಸು, ಚಪ್ಪಲಿಯಲ್ಲಿ.

"ತಿರುಗಿ ನೋಡು! ನಿಮ್ಮ ನಾಯಕ ಬರ್ತಿದಾನಾ? ಅವನ ಟೈರು ಸರಿ ಇದ್ಯಾ? ನೋಡೋ ಮೊದ್ಲು!"

"ಇದೆ ಅಕ್ಕ, ಸರಿ ಇದೆ!"

"ಹಂಗಾದ್ರೆ ತುಳಿ! ನಿಂತ್ರೆ ಕೊಂದ್ಹಾಕ್ತೀನಿ!"

ಹೀಗೆ ತಳ್ಳುವುದು ನಿಯಮಕ್ಕೆ ವಿರುದ್ಧ. ಮೋಟಾರ್ ಸೈಕಲ್ಲಿನ ತೀರ್ಪುಗಾರ ಆ ಹೊತ್ತಿಗೆ ಸರಿಯಾಗಿ ಸಮುದ್ರ ನೋಡುತ್ತಿದ್ದಾನೆ. ಕೊನೆಯ ಮನೆಯ ತನಕ ಓಡಿದ ಓರ್ನೆಲ್ಲಾ ಮೊಣಕಾಲು ಹಿಡಿದು ಬಗ್ಗುತ್ತಾಳೆ. ಅವಳ ಒಂದು ಚಪ್ಪಲಿ ರಸ್ತೆಯ ನಡುವೆ ಉಳಿದಿದೆ. ಗುಂಪು ಎರಡಾಗಿ ಸೀಳಿ ಅದರ ಎರಡೂ ಕಡೆಯಿಂದ ಹಾದುಹೋಗುತ್ತದೆ, ಒಬ್ಬನೂ ತುಳಿಯುವುದಿಲ್ಲ.

ವಾಪಸು ಬಂದವಳು ಕೆಂಪಾದ ಮುಖದಲ್ಲಿ ಏಪ್ರನ್ನಿನ ಜೇಬು ಮುಟ್ಟಿ ನೋಡಿಕೊಂಡಳು. "ಅಯ್ಯೋ, ರೊಟ್ಟಿ ಕೊಡೋದೇ ಮರ್ತೆ!" ಎಂದು ಅಳಲು ಶುರುಮಾಡಿದಳು. ಬಾಚಿಚ್ಚ ಎದ್ದು ಉರುಳಿದ ಕುರ್ಚಿ ನೆಟ್ಟಗೆ ಮಾಡಿ ಅವಳನ್ನು ಕೂರಿಸಿದ.

ಲೋರಿಸನ ನಾಯಕ ಅವತ್ತು ಗೆಲ್ಲಲಿಲ್ಲ, ನಾಲ್ಕನೆಯವನಾದ. ಲೋರಿಸ್ ಎಲ್ಲರ ಹಿಂದೆ, ಬಹಳ ಹೊತ್ತಾದ ಮೇಲೆ ಬಂದ. ತಂಡದ ಬಸ್ಸಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದವನ ಪಕ್ಕದಲ್ಲಿ ನಾನೂ ಕೂತೆ. ಅಕ್ಕನಿಗೆ ಏನು ಹೇಳಿದೆ ಎಂದು ಕೇಳಿದೆ.

"ಟೈರು ಸರಿ ಇದೆ ಅಂದೆ, ಅಷ್ಟೇ ಮಾಮ. ಇಬ್ರಿಗೂ ಉಸಿರಿರ್ಲಿಲ್ಲ."

ಅಕ್ಟೋಬರಿನಲ್ಲಿ ರೇಸುಗಳ ಕಾಲ ಮುಗಿದು ಸೈಕಲ್ ಬಿಟ್ಟ ಮೇಲೆ ಏನು ಮಾಡುತ್ತೀ ಎಂದೆ. ಪತ್ರಿಕೆಗೆ ಬರೆಯುವ ನಮ್ಮ ಕಸುಬಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಅಂಗಡಿಯೋ ತರಬೇತಿಯೋ ಏನೋ ಹೇಳುತ್ತಾನೆಂದುಕೊಂಡಿದ್ದೆ. ಅವನು ಬೂಟಿನ ಪಟ್ಟಿ ಬಿಚ್ಚುತ್ತಾ ಯೋಚಿಸಿದ.

"ಮೊದ್ಲು ಅವಳ ಅಂಗಡಿಗೆ ಹೋಗ್ಬೇಕು. ಒಳಗಿನ ಮೇಜಲ್ಲಿ, ರಸ್ತೆಗೆ ಬೆನ್ನು ಹಾಕಿ ಕೂತ್ಕೋಬೇಕು. ಹಿಂದೆ ಯಾರು ಬಂದ್ರು, ಯಾರ ಟೈರು ಹೋಯ್ತು ಅಂತ ಒಂದ್ಸಲಾನೂ ತಿರುಗಿ ನೋಡ್ದೆ, ಅವಳು ಹಾಕಿದಷ್ಟೂ ತಿನ್ಬೇಕು."