ಸೀರೆಯಲ್ಲಿ ತಿಮಿಂಗಿಲ

ಎಸ್, ಇ, ಆರ್, ಇ. ನನ್ನ ಕೈಬರಹದಲ್ಲಿ ಈ ನಾಲ್ಕು ಅಕ್ಷರಗಳು ಹದಿನಾಲ್ಕು ಮಿಲಿಮೀಟರ್ ಜಾಗ ಹಿಡಿಯುತ್ತವೆ. ಎಲ್ಲ ಮುಗಿದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಅಷ್ಟು ಜಾಗದಲ್ಲಿ ಹಲವು ಟನ್ ತೂಗುವ ಪ್ರಾಣಿಯೊಂದಕ್ಕೆ ಸೀರೆ ಉಡಿಸಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಳೆಯುವುದು ನನ್ನ ಉದ್ಯೋಗ. ಈ ಕೊಲ್ಲಿ ದೇಶದಲ್ಲಿ, ಘಾಲಾ ಎಂಬ ಬಡಾವಣೆಯ ಗ್ಯಾರೇಜುಗಳ ನಡುವೆ, ತಕ್ಕಡಿಗಳೂ ಒತ್ತಡಮಾಪಕಗಳೂ ನಿಜ ಹೇಳುತ್ತಿವೆಯೇ ಎಂದು ಪರೀಕ್ಷಿಸುವ ಸಣ್ಣ ಪ್ರಯೋಗಾಲಯವೊಂದರಲ್ಲಿ, ಪ್ರಮಾಣಪತ್ರಗಳ ದಶಮಾಂಶದ ಮೂರನೆಯ ಸ್ಥಾನದಲ್ಲಿ ತಪ್ಪು ಹುಡುಕುತ್ತೇನೆ. ಸಂಜೆ ಅಲ್ ಗುಬ್ರಾದ ಅಕ್ಕನ ಫ್ಲ್ಯಾಟಿಗೆ ಬಂದು ನನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಹಾಕಿದ ಬಾಗಿಲಿಗೆ ಮರ್ಯಾದೆ ಕೊಡುವ ಇನ್ನೊಂದು ಜೀವ ಆ ಮನೆಯಲ್ಲಿದ್ದರೆ ಅದು ಅಕ್ಕನ ಮಗಳು, ಒಂಬತ್ತು ವರ್ಷದ ಅನಘಾ. ನಾವಿಬ್ಬರೂ ಒಬ್ಬರನ್ನೊಬ್ಬರು ತುಂಬ ಪ್ರೀತಿಸುತ್ತೇವೆ, ಮತ್ತು ಅದನ್ನು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ.

ಅನಘಾಳನ್ನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಅಂಥವಳು ಈ ಸಲ ಕನ್ನಡ ಕೂಟದ ರಾಜ್ಯೋತ್ಸವದ ಭಾಷಣ ಸ್ಪರ್ಧೆಗೆ ತಾನಾಗಿಯೇ ಹೆಸರು ಕೊಟ್ಟಳು. ವಿಷಯ ‘ನನ್ನ ಮೆಚ್ಚಿನ ಪ್ರಾಣಿ’. ಅವಳ ಷರತ್ತು ಒಂದೇ: ಸೆರೆಯಲ್ಲಿಟ್ಟ ಕಿಲ್ಲರ್ ವೇಲ್‌ಗಳ ಬಗ್ಗೆ ಮಾತ್ರ ಮಾತಾಡುವುದು. ಶಾಲೆಯ ಗ್ರಂಥಾಲಯದಿಂದ ತಂದ ಪುಸ್ತಕವೊಂದನ್ನು ಓದಿದಂದಿನಿಂದ ಆ ಕಪ್ಪುಬಿಳುಪು ಪ್ರಾಣಿಗಳ ದುಃಖವನ್ನು ಅವಳು ಹೊತ್ತು ತಿರುಗುತ್ತಿದ್ದಳು. ಸ್ನಾನದ ಬಕೆಟ್ಟಿನಲ್ಲಿ ಪ್ಲಾಸ್ಟಿಕ್ ಮೀನು ಬಿಡುವುದನ್ನೂ ನಿಲ್ಲಿಸಿದ್ದಳು.

“ನವಿಲು ತಗೋಬಾರ್ದಾ ಪುಟ್ಟಾ? ಎಲ್ಲರಿಗೂ ಇಷ್ಟ ಆಗತ್ತೆ,” ಎಂದಳು ಅಕ್ಕ.

“ಪೀಕಾಕ್ ಈಸ್ ಫೈನ್, ಅಮ್ಮ. ಇಟ್ ಹ್ಯಾಸ್ ನೋ ಪ್ರಾಬ್ಲಮ್.”

ಭಾಷಣ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಓದುತ್ತ ಹೋದಂತೆ ನನಗೂ ಆ ಪ್ರಾಣಿ ಅಂಟಿಕೊಂಡಿತು. ಸಮುದ್ರದಲ್ಲಿ ಗಂಡಿನ ಬೆನ್ನಿನ ಮೇಲೆ ಆಳೆತ್ತರ ನೆಟ್ಟಗೆ ನಿಲ್ಲುವ ರೆಕ್ಕೆ ತೊಟ್ಟಿಗೆ ಬಂದ ಮೇಲೆ ಒಂದು ಪಕ್ಕಕ್ಕೆ ಬಾಗಿ ಬೀಳುತ್ತದೆ. ಮಾಡಲು ಬೇರೇನೂ ಇಲ್ಲದೆ ಅದು ಕಾಂಕ್ರೀಟಿನ ಅಂಚನ್ನೂ ಕಬ್ಬಿಣದ ಗೇಟನ್ನೂ ಕಡಿದು ಹಲ್ಲು ಸವೆಸಿಕೊಳ್ಳುತ್ತದೆ. ಸುತ್ತಿದಲ್ಲೇ ಸುತ್ತುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ: ಇವುಗಳ ಒಂದೊಂದು ಕುಟುಂಬಕ್ಕೂ ಅದರದೇ ನುಡಿಯಿದೆಯಂತೆ, ಮರಿಗಳು ಅದನ್ನು ತಾಯಿಯಿಂದ ಕಲಿಯುತ್ತವಂತೆ. ಬೇರೆ ಬೇರೆ ಸಮುದ್ರದವನ್ನು ತಂದು ಒಂದೇ ತೊಟ್ಟಿಗೆ ಬಿಟ್ಟರೆ ಏನು ಮಾತಾಡಿಕೊಳ್ಳುತ್ತವೋ. ಮೈಸೂರು, ಮಂಗಳೂರು, ಧಾರವಾಡದವರು ಸೇರಿದ ನಮ್ಮ ಕೂಟದ ಸಭೆಗಳನ್ನು ನೆನೆದರೆ, ಬಹುಶಃ ಊಟದ ಬಗ್ಗೆ.

ಇಲ್ಲೊಂದು ಪಾಂಡಿತ್ಯದ ಮಾತು, ಕ್ಷಮಿಸಿ. ತಿಮಿ ಎಂದರೆ ದೊಡ್ಡ ಮೀನು. ತಿಮಿಯನ್ನು ನುಂಗುವುದು ತಿಮಿಂಗಿಲ. ತಿಮಿಂಗಿಲವನ್ನೂ ನುಂಗುವ ಒಂದನ್ನು ಹಿಂದಿನವರು ಕಲ್ಪಿಸಿ ತಿಮಿಂಗಿಲಗಿಲ ಎಂದರು. ನಮ್ಮ ಈ ಪ್ರಾಣಿ ಗುಂಪುಕಟ್ಟಿ ತಿಮಿಂಗಿಲಗಳನ್ನೇ ಬೇಟೆಯಾಡುತ್ತದೆ. ಅದಕ್ಕೆ ಇಷ್ಟು ಕರಾರುವಾಕ್ಕಾದ ಹೆಸರು ಕಾದಿರುವುದನ್ನು ಕಂಡು ನಾನು ಆ ವಾರವೆಲ್ಲ ಖುಷಿಯಾಗಿದ್ದೆ. ಅಕ್ಕ ಒಂದೇ ಗೀಟಿನಲ್ಲಿ ಹೊಡೆದುಹಾಕಿದಳು. “ಗಿಲಗಿಲ ಅಂತ ಗಿಲಕಿ ಥರ ಇದೆ ಕಣೇ. ಮಗು ಬಾಯಲ್ಲಿ ತೊಡರತ್ತೆ. ಸುಮ್ನೆ ತಿಮಿಂಗಿಲ ಅನ್ನು.”

ತೊಡರಿದ್ದು ಬೇರೆ ಕಡೆ. ಅನಘಾಳಿಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ಇಲ್ಲಿಯ ಎಲ್ಲ ಮನೆಗಳಲ್ಲಿ ಮಾಡುವಂತೆ ನಾನೂ ಭಾಷಣವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟೆ. ‘ಸೆರೆ’ ಎಂಬುದನ್ನು ಎಸ್, ಇ, ಆರ್, ಇ ಎಂದು ಬರೆದೆ. ಎಚ್, ಇ, ಆರ್, ಇ ಎಂದು ಬರೆದು ‘ಹಿಯರ್’ ಎಂದು ಓದುವ ಮಗು ಅದನ್ನು ಹೇಗೆ ಓದೀತು ಎಂದು ಯೋಚಿಸಲಿಲ್ಲ. ಅವಳು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದಳು. ಹಾಕಿದ ಬಾಗಿಲಿಗೆ ಕಿವಿಗೊಡುವುದು ನನ್ನ ಜಾಯಮಾನವಲ್ಲ.

ಶುಕ್ರವಾರ ಸಂಜೆ. ಬಾಡಿಗೆಗೆ ಹಿಡಿದ ಸಭಾಂಗಣ, ರೇಷ್ಮೆ ಸೀರೆಗಳ ಎಂಟು ಸಾಲು. ಮೂರು ಹುಲಿ, ಎರಡು ಆನೆ ಮತ್ತು ಒಂದು ನವಿಲಿನ ನಂತರ ಅನಘಾ ವೇದಿಕೆಗೆ ಬಂದು, ನಮಸ್ಕರಿಸಿ, ಸ್ಪಷ್ಟವಾದ ದನಿಯಲ್ಲಿ ಶುರುಮಾಡಿದಳು.

“ಸೀರೆಯಲ್ಲಿರುವ ತಿಮಿಂಗಿಲ ಸಂತೋಷವಾಗಿರುವುದಿಲ್ಲ.”

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಸೀರೆಯಲ್ಲಿ ಅದಕ್ಕೆ ಈಜಲು ಜಾಗ ಸಾಲುವುದಿಲ್ಲ. ಸೀರೆಯಲ್ಲಿ ಅದರ ಬೆನ್ನಿನ ರೆಕ್ಕೆ ಬಾಗಿ ಬೀಳುತ್ತದೆ. ಬೇಸರದಿಂದ ಅದು ಹಲ್ಲು ಕಡಿಯುತ್ತದೆ.”

ನನ್ನ ಪಕ್ಕದಲ್ಲಿ ಕೂತಿದ್ದ ಮೇಲಿನ ಮನೆಯ ಲವೀನಾ ಆಂಟಿ, ಮಂಗಳೂರಿನವರು, ಸೆರಗನ್ನು ಬಾಯಿಗೆ ಒತ್ತಿಕೊಂಡು ಪಿಸುಗುಟ್ಟಿದರು: “ಪಾಪದ ಮೀನಿಗೆ ಸೀರೆ ಯಾರು ಉಡಿಸಿದ್ದು ಮಾರಾಯ್ತಿ? ನಮ್ಮದೇ ಅವಸ್ಥೆ ಆಯ್ತಲ್ಲ ಅದಕ್ಕೆ.” ಹಿಂದಿನ ಸಾಲಿನಿಂದ ಒಬ್ಬರು, “ಆರು ಗಜ ಎಲ್ಲಿ ಸಾಕಾಗುತ್ರೀ,” ಎಂದರು. ಭಾವ ಫೋನಿನಲ್ಲಿ ಚಿತ್ರೀಕರಿಸುತ್ತಿದ್ದರು. ನಾನು ನೆಲ ನೋಡುತ್ತ ಕೂತೆ. ಎದ್ದು ನಿಂತು, ತಪ್ಪು ನನ್ನದು, ಮಗುವಿನದಲ್ಲ ಎನ್ನಬೇಕಿತ್ತು. ಆದರೆ ಅಷ್ಟು ಜನರ ಮುಂದೆ ನಾನು ನನ್ನ ಹೆಸರನ್ನೂ ಹೇಳಿದವಳಲ್ಲ.

ನಾನು ತುಂಬ ಯೋಚಿಸಿ ಬರೆದಿದ್ದ ಸಾಲು ಕೊನೆಯಲ್ಲಿತ್ತು. “ಸೀರೆಯಲ್ಲಿ ಹುಟ್ಟಿದ ಮರಿಗಳಿಗೆ ಸಮುದ್ರ ಎಂದರೆ ಏನೆಂದೇ ಗೊತ್ತಿಲ್ಲ.” ಸಭಾಂಗಣವೆಲ್ಲ ಬಿದ್ದು ಬಿದ್ದು ನಕ್ಕಿತು. ಕೆಟ್ಟ ಮನಸ್ಸಿನಿಂದಲ್ಲ. ಚಪ್ಪಾಳೆಯೂ ಜೋರಾಗಿತ್ತು, ಸಮಾಧಾನಕರ ಬಹುಮಾನವೂ ಬಂತು. ಅನಘಾ ಮಾತ್ರ ನಗಲಿಲ್ಲ. ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತಿದ್ದಳು.

ಕಾರಿನಲ್ಲಿ ಕೇಳಿದಳು: “ದಟ್ ವಾಸ್ ದಿ ಸ್ಯಾಡ್ ಪಾರ್ಟ್. ವೈ ಡಿಡ್ ದೇ ಲಾಫ್?”

“ಅದು ಸೀರೆ ಅಲ್ಲ ಪುಟ್ಟಾ, ಸೆರೆ. ಸೆರೆ ಅಂದ್ರೆ ಜೈಲು,” ಎಂದಳು ಅಕ್ಕ ಮೆಲ್ಲಗೆ.

“ಐ ಸೆಡ್ ಸೀರೆ? ಎವ್ರಿ ಟೈಮ್?”

“ಹನ್ನೊಂದು ಸಲ,” ಎಂದೆ. ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ. ಅಕ್ಕ ಮುಂದಿನ ಸೀಟಿನಿಂದ ತಿರುಗಿ ನನ್ನನ್ನು ನೋಡಿದ ನೋಟಕ್ಕೆ ಯಾವ ಮಾಪಕವೂ ಸಾಲದು.

“ತಿಮಿಂಗಿಲಕ್ಕೆ ಸೀರೆ ಯಾಕೆ ಅಂತ ನಿಂಗೆ ಅನ್ನಿಸಲೇ ಇಲ್ವಾ ಮರಿ?” ಎಂದರು ಭಾವ.

ಅನ್ನಿಸಿತ್ತಂತೆ. ಪ್ರದರ್ಶನಕ್ಕೆ ಆನೆಗಳಿಗೆ ಬಟ್ಟೆ ಹಾಕುತ್ತಾರಲ್ಲ, ಹಾಗೇ ಇದಕ್ಕೂ ಉಡಿಸಿ ಹಿಂಸೆ ಕೊಡುತ್ತಾರೇನೋ ಅಂದುಕೊಂಡಳಂತೆ. ಅದಕ್ಕೇ ಇನ್ನಷ್ಟು ದುಃಖವಾಗಿತ್ತಂತೆ. “ಆಂಡ್ ಚಿಕ್ಕಮ್ಮ ವ್ರೋಟ್ ಇಟ್. ಚಿಕ್ಕಮ್ಮ ನೆವರ್ ಮೇಕ್ಸ್ ಮಿಸ್ಟೇಕ್ಸ್.” ಆಮೇಲೆ ಕಿಟಕಿಯ ಕಡೆ ತಿರುಗಿ, ಇನ್ನು ಮುಂದೆ ತಾನು ಕನ್ನಡ ಮಾತಾಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಘೋಷಿಸಿ, ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡಳು.

ಆ ಕಾಗದವನ್ನು ಎದುರಿಗಿಟ್ಟುಕೊಂಡು ನಾಲ್ಕು ಅಕ್ಷರ ಅಳೆದದ್ದು ಆಗಲೇ. ಸೆ ಬೇರೆ, ಸೇ ಬೇರೆ, ಸೀ ಬೇರೆ. ಒಂದೊಂದಕ್ಕೂ ಅದರದೇ ಎತ್ತರ, ಅದರದೇ ಕೊಂಡಿ. ಇಷ್ಟನ್ನೂ ಇಪ್ಪತ್ತಾರು ಅಕ್ಷರಗಳ ತೊಟ್ಟಿಗೆ ಬಿಟ್ಟು, ಆಮೇಲೆ ರೆಕ್ಕೆ ಬಾಗಿತಲ್ಲ ಎಂದು ನಾನು ಅಚ್ಚರಿಪಡುತ್ತಿದ್ದೆ. ಓದಲು ಕಲಿಸಲು ಒಂದು ತಿಂಗಳು ಬೇಕು. ಬರೆದುಕೊಡಲು ಅರ್ಧ ಗಂಟೆ ಸಾಕು. ನಾನು ಅರ್ಧ ಗಂಟೆಯನ್ನು ಆರಿಸಿಕೊಂಡಿದ್ದೆ. ಮೂರನೆಯ ದಶಮಾಂಶದವರೆಗೆ ಪರೀಕ್ಷಿಸುವವರು ಯಾರೂ ಅದನ್ನು ಪಾಸು ಮಾಡುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಏಳೂವರೆಗೆ, ಸೀರೆ ಎಂದರೆ ಮೈಲು ದೂರ ಓಡುವ ನಾನು, ಅಕ್ಕನ ಸಾಸಿವೆ ಬಣ್ಣದ ಮೈಸೂರು ರೇಷ್ಮೆ ಉಟ್ಟು, ಮೊದಲ ಬಾರಿಗೆ ಅನಘಾಳ ಹಾಕಿದ ಬಾಗಿಲು ತಟ್ಟಿದೆ. ಬಾಗಿಲು ನಾಲ್ಕು ಬೆರಳು ತೆರೆಯಿತು. ಅವಳ ಕಣ್ಣೆದುರೇ ಫ್ರಿಜ್ಜಿನ ಮೇಲೆ ಮಾರ್ಕರಿನಿಂದ ದೊಡ್ಡದಾಗಿ, ಬಾಯಲ್ಲೂ ಹೇಳುತ್ತ, ಎರಡು ಅಕ್ಷರ ಬರೆದೆ: ಸೆ, ಸೀ. ತಪ್ಪು ನನ್ನದು ಎಂದೆ. ನಂತರ ಸೆರಗನ್ನು ಬೆನ್ನ ಮೇಲೆ ರೆಕ್ಕೆಯಂತೆ ಎತ್ತಿ ಹಿಡಿದು, ಅದನ್ನು ಎಡಕ್ಕೆ ಬಾಗಿಸಿ, ಊಟದ ಮೇಜಿನ ಸುತ್ತ ಈಜತೊಡಗಿದೆ. ಮೇಜಿನ ಅಂಚನ್ನು ಕಡಿಯುವಂತೆ ಹಲ್ಲನ್ನೂ ತೋರಿಸಿದೆ. ಕೈಯಲ್ಲಿ ಕಾಫಿ ಹಿಡಿದ ಭಾವ ದಾರಿ ಬಿಟ್ಟು ಗೋಡೆಗೆ ಒರಗಿದರು. “ಸೀರೆಯಲ್ಲಿರುವ ತಿಮಿಂಗಿಲ ಸಂತೋಷವಾಗಿರುವುದಿಲ್ಲ,” ಎಂದು ಸಭೆಗೆ ಹೇಳುವಂತೆ ಹೇಳಿದೆ. ಎರಡನೆಯ ಸುತ್ತಿನಲ್ಲಿ ನೆರಿಗೆ ಕಾಲಿಗೆ ಸಿಕ್ಕಿ ಕುರ್ಚಿಯ ಮೇಲೆ ಬಿದ್ದೆ.

ಬಾಗಿಲು ಪೂರ್ತಿ ತೆರೆಯಿತು. ಅನಘಾ ಫ್ರಿಜ್ಜಿನ ಹತ್ತಿರ ಬಂದು ಎರಡು ಅಕ್ಷರಗಳನ್ನೂ ಬಹಳ ಹೊತ್ತು ನೋಡಿದಳು. ಒಂದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಸರಿಯಾದದ್ದರ ಮೇಲೇ ಇಟ್ಟಿದ್ದಳು.

“ಸೀರೆ ಅಲ್ಲ ಚಿಕ್ಕಮ್ಮ,” ಎಂದಳು. “ಸೆರೆ. ಮೊದಲಿಂದ ಹೇಳು.”

ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೊದಲಿನಿಂದ ಹೇಳಿದೆ.